ರಕ್ತದ ಚೀಟಿಯಲ್ಲಿ ಕಾಣುವ ಒಂದು ಹೆಸರು

(ಮಹಿಳಾ ಹಾಲು ಉತ್ಪಾದಕರ ಸಹಕಾರ ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಈ ಹೊತ್ತು ನಾನು ಎತ್ತಿಕೊಂಡಿರುವ ವಿಷಯದ ಹೆಸರು ಕೇಳಿದರೆ ನಿಮ್ಮಲ್ಲಿ ಕೆಲವರು ಎದ್ದು ಹೋಗಬಹುದು. ಅದರ ಹೆಸರು ಆಲ್ಕಲೈನ್ ಫಾಸ್ಫಟೇಸ್. ಬಾಯಿಗೆ ಒಗ್ಗದ ಹೆಸರು, ನಿಜ. ಆದರೆ ಆ ಪದಾರ್ಥ ನಿಮಗೆ ಹೊಸದೇನೂ ಅಲ್ಲ. ಬೆಳಗ್ಗೆ ನೀವು ಕರೆದು ಸಂಘಕ್ಕೆ ಹಾಕಿದ ಹಾಲಿನಲ್ಲಿ ಅದು ಇತ್ತು. ಹೊರಗೆ ಕುಣಿಯುತ್ತಿರುವ ಮಕ್ಕಳ ಮೂಳೆಗಳ ತುದಿಯಲ್ಲಿ ಈ ಗಳಿಗೆಯಲ್ಲಿ ಅದು ದುಡಿಯುತ್ತಿದೆ. ಈಲಿಯಲ್ಲಿದೆ, ಕರುಳಿನಲ್ಲಿದೆ, ಬಸುರಿಯ ಹೊಟ್ಟೆಯಲ್ಲಿ ಮಗುವನ್ನು ಸಾಕುವ ಮಾಸಿನಲ್ಲಿಯೂ ಇದೆ. ತಾಲ್ಲೂಕು ಆಸ್ಪತ್ರೆಯಲ್ಲಿ ರಕ್ತ ಕೊಟ್ಟು ಬಂದವರ ಚೀಟಿಯಲ್ಲಿ ‘ಎ.ಎಲ್.ಪಿ.’ ಎಂಬ ಮೂರಕ್ಷರ ಕಂಡಿದ್ದರೆ, ಅದೂ ಇದೇ.

ಈ ಮೂರಕ್ಷರದ ಮುಂದಿನ ಅಂಕಿಯನ್ನು ನೋಡಿ ಸುಮ್ಮನೆ ಹೆದರಿದವರನ್ನು ನಾನು ಕಂಡಿದ್ದೇನೆ. ಅದೇ ಮನೆಯಲ್ಲಿ ಮಗುವಿಗೆ ಹಸಿ ಹಾಲನ್ನು ಲೋಟಕ್ಕೆ ಬಗ್ಗಿಸಿ ಕೊಡುವುದನ್ನೂ ಕಂಡಿದ್ದೇನೆ. ಹೆದರಬೇಕಾದ ಕಡೆ ಧೈರ್ಯ, ಧೈರ್ಯವಾಗಿರಬೇಕಾದ ಕಡೆ ಹೆದರಿಕೆ! ಈ ಪದಾರ್ಥ ಮಾಡುವ ಕೆಲಸ ಏನೆಂದು ತಿಳಿದರೆ ಎರಡೂ ತಮ್ಮ ತಮ್ಮ ಸ್ಥಳಕ್ಕೆ ಬರುತ್ತವೆ. ಅದಕ್ಕಾಗಿಯೇ ಈ ಮಾತು.

ಮೊದಲು ಹೆಸರನ್ನು ಬಿಡಿಸೋಣ. ನೀವು ಹೊಲಕ್ಕೆ ಹಾಕುವ ಡಿ.ಎ.ಪಿ. ಮೂಟೆಯ ಕೊನೆಯ ಅಕ್ಷರ ‘ಪಿ’ ಎಂದರೆ ಫಾಸ್ಫೇಟು. ರಂಜಕವೂ ಆಮ್ಲಜನಕವೂ ಕೂಡಿ ಆದ ವಸ್ತು ಅದು. ಪೈರಿಗೆ ಮಾತ್ರವಲ್ಲ, ಪ್ರಾಣಿಗಳಿಗೂ ಮನುಷ್ಯನಿಗೂ ಅದಿಲ್ಲದೆ ಬದುಕಿಲ್ಲ. ನಮ್ಮ ದೇಹದ ನೂರಾರು ಪದಾರ್ಥಗಳಿಗೆ ಈ ಫಾಸ್ಫೇಟು ಅಂಟಿಕೊಂಡಿರುತ್ತದೆ. ಬೇಕಾದಾಗ ಅದನ್ನು ಬಿಡಿಸಿ ತೆಗೆಯುವ ಕೆಲಸಗಾರನ ಹೆಸರು ಫಾಸ್ಫಟೇಸ್. ‘ಏಸ್’ ಎಂದು ಕೊನೆಗೊಳ್ಳುವ ಹೆಸರುಗಳೆಲ್ಲ ಸಾಮಾನ್ಯವಾಗಿ ಕಿಣ್ವಗಳ ಹೆಸರುಗಳು. ‘ಆಲ್ಕಲೈನ್’ ಎಂದರೆ ಕ್ಷಾರ. ಸೋಪಿನ ನೀರಿನಂತೆ ಕ್ಷಾರಗುಣವುಳ್ಳ ದ್ರವದಲ್ಲಿ ಈ ಕಿಣ್ವದ ಕೈ ಎಲ್ಲಕ್ಕಿಂತ ಚುರುಕು. ನಮ್ಮ ರಕ್ತ ಅಷ್ಟೊಂದು ಕ್ಷಾರವಲ್ಲ. ಅಲ್ಲಿ ಸ್ವಲ್ಪ ನಿಧಾನವಾಗಿಯಾದರೂ ಕೆಲಸ ನಡೆದೇ ಇರುತ್ತದೆ.

ಕಿಣ್ವವೆಂದರೇನು? ಮೊಸರಿಗೆ ಹಾಕುವ ಹೆಪ್ಪು ಎಂದು ಕೆಲವರು ತಿಳಿಯುತ್ತಾರೆ. ಹಾಗಲ್ಲ. ಹೆಪ್ಪಿನಲ್ಲಿರುವುದು ಜೀವಾಣುಗಳು, ಅವಕ್ಕೆ ಪ್ರಾಣವಿದೆ. ಕಿಣ್ವಕ್ಕೆ ಪ್ರಾಣವಿಲ್ಲ. ಅದು ಜೀವವಿರುವ ವಸ್ತುಗಳು ತಮ್ಮೊಳಗೆ ತಯಾರಿಸಿಕೊಳ್ಳುವ ಒಂದು ಬಗೆಯ ಪ್ರೋಟೀನು. ಒಂದು ತುತ್ತು ರೊಟ್ಟಿಯನ್ನು ನುಂಗದೆ ಬಹಳ ಹೊತ್ತು ಅಗಿದು ನೋಡಿ, ಬಾಯಿ ಸಿಹಿಯಾಗುತ್ತದೆ. ಎಂಜಲಿನಲ್ಲಿರುವ ಕಿಣ್ವ ಹಿಟ್ಟನ್ನು ಸಕ್ಕರೆಯಾಗಿ ಒಡೆದ ಗುರುತು ಅದು.

ಮುಸುಕಿನ ಜೋಳದ ತೆನೆಯಿಂದ ಕಾಳು ಬಿಡಿಸುವ ಕೈಯನ್ನು ನೆನೆಯಿರಿ. ಕೈ ಸವೆಯುವುದಿಲ್ಲ, ತೆನೆಯ ಮೇಲೆ ತೆನೆ ಬಿಡಿಸುತ್ತಾ ಹೋಗುತ್ತದೆ. ನಮ್ಮ ಕಿಣ್ವವೂ ಹಾಗೆಯೇ. ಅದರ ಮೈಯಲ್ಲಿ ಒಂದು ಚಿಕ್ಕ ಕುಳಿ ಇದೆ. ಕುಳಿಯೊಳಗೆ ಸತುವಿನ ಎರಡು ಪರಮಾಣುಗಳೂ ಮೆಗ್ನೀಸಿಯಮ್ಮಿನ ಒಂದು ಪರಮಾಣುವೂ ಕುಳಿತಿವೆ. ಫಾಸ್ಫೇಟು ಅಂಟಿಕೊಂಡ ಪದಾರ್ಥ ಆ ಕುಳಿಗೆ ಬಂದಾಗ ಸತು ಅದನ್ನು ಹಿಡಿದು ನಿಲ್ಲಿಸುತ್ತದೆ. ಕಿಣ್ವದ ಒಂದು ಕೊಂಡಿ ಫಾಸ್ಫೇಟನ್ನು ಕಿತ್ತು ತನಗೆ ಅಂಟಿಸಿಕೊಳ್ಳುತ್ತದೆ. ಉಳಿದ ಭಾಗ ಹೊರಗೆ ಹೋಗುತ್ತದೆ. ಬಳಿಕ ನೀರು ಬಂದು ಆ ಫಾಸ್ಫೇಟನ್ನು ಕೊಂಡಿಯಿಂದ ಬಿಡಿಸಿ ಕಳಿಸುತ್ತದೆ. ಕುಳಿ ಖಾಲಿಯಾಗಿ ಮುಂದಿನ ತೆನೆಗೆ ಸಿದ್ಧವಾಗುತ್ತದೆ. ಸತು ಇಲ್ಲದಿದ್ದರೆ ಕಿಣ್ವ ಇದ್ದೂ ಇಲ್ಲದಂತೆ. ಊಟದಲ್ಲಿ ಸತುವಿನ ಅಂಶ ತೀರ ಕಡಿಮೆಯಾದವರ ರಕ್ತದಲ್ಲಿ ಈ ಅಂಕಿ ಇಳಿಯುವುದಕ್ಕೆ ಕಾರಣವೂ ಇದೇ.

ಕಿಣ್ವಗಳಿಗೆ ಒಂದು ದೌರ್ಬಲ್ಯವುಂಟು. ಬೆಂಕಿ ತಗುಲಿದರೆ ಕೆಡುತ್ತವೆ. ಮೊಟ್ಟೆಯ ಬಿಳಿ ಬೇಯಿಸಿದಾಗ ಗಟ್ಟಿಯಾಗಿ ಮತ್ತೆಂದೂ ನೀರಾಗುವುದಿಲ್ಲವಷ್ಟೆ. ಕಿಣ್ವದ ಮೈಕಟ್ಟೂ ಹಾಗೆಯೇ ಹಾಳಾಗುತ್ತದೆ. ಇಂಗ್ಲೆಂಡಿನ ಒಬ್ಬ ವಿಜ್ಞಾನಿ ಈ ದೌರ್ಬಲ್ಯವನ್ನೇ ಹಿಡಿದು ಹಾಲಿನ ಕಾವಲಿಗೆ ನಿಲ್ಲಿಸಿದ. ಆ ಸಂಗತಿ ಹಾಲು ಮಾರುವ ನಮಗೆ ಹತ್ತಿರದ್ದಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ಡೈರಿಗಳಲ್ಲಿ ಹಾಲನ್ನು ಪ್ಯಾಶ್ಚರೀಕರಣ ಮಾಡುತ್ತಾರೆಂದು ಕೇಳಿದ್ದೀರಿ. ಹಾಲನ್ನು ೬೩ ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಅರ್ಧ ಗಂಟೆ, ಇಲ್ಲವೆ ೭೨ ಡಿಗ್ರಿಯಲ್ಲಿ ೧೫ ಸೆಕೆಂಡು ಇಟ್ಟು ಕೂಡಲೆ ತಣ್ಣಗೆ ಮಾಡುವುದು. ಇದರಿಂದ ಕ್ಷಯರೋಗದ ಕ್ರಿಮಿಯೂ ಹಾಲಿನಿಂದ ಹರಡುವ ಇತರ ಅಪಾಯಕಾರಿ ಕ್ರಿಮಿಗಳೂ ಸಾಯುತ್ತವೆ. ಆದರೆ ಕಾಯಿಸಿದ ಹಾಲಿಗೂ ಕಾಯಿಸದ ಹಾಲಿಗೂ ನೋಟದಲ್ಲಿ ಭೇದವಿಲ್ಲ. ಯಂತ್ರ ಸರಿಯಾಗಿ ಓಡಿತೋ, ಎಲ್ಲೋ ಕೊಳವೆ ಸೋರಿ ಹಸಿ ಹಾಲು ಬೆರೆಯಿತೋ, ಯಾರಿಗೆ ತಿಳಿಯಬೇಕು? ಕ್ಷಯದ ಕ್ರಿಮಿಯನ್ನು ಬೆಳೆಸಿ ನೋಡಬೇಕಾದರೆ ವಾರಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಹಾಲು ಮಕ್ಕಳ ಹೊಟ್ಟೆ ಸೇರಿಯಾಗಿರುತ್ತದೆ.

ಕೇ ಎಂಬ ವಿಜ್ಞಾನಿ ಗ್ರಹಾಂ ಎಂಬ ಜೊತೆಗಾರನೊಡನೆ ೧೯೩೩ರಲ್ಲಿ ಇದಕ್ಕೆ ಉಪಾಯ ತೋರಿಸಿದ. ಹಸಿ ಹಾಲಿನಲ್ಲಿ ಯಾವಾಗಲೂ ಫಾಸ್ಫಟೇಸ್ ಇದ್ದೇ ಇರುತ್ತದೆ. ಕ್ಷಯದ ಕ್ರಿಮಿ ಸಾಯುವುದಕ್ಕೆ ಬೇಕಾದ ಶಾಖಕ್ಕಿಂತ ಒಂದಿಷ್ಟು ಹೆಚ್ಚು ಶಾಖ ಕೊಟ್ಟರೆ ಮಾತ್ರ ಈ ಕಿಣ್ವ ಕೆಡುತ್ತದೆ. ಹಾಗಾದರೆ ಕಿಣ್ವ ಕೆಟ್ಟಿದೆ ಎಂದರೆ ಕ್ರಿಮಿ ಅದಕ್ಕೆ ಮೊದಲೇ ಸತ್ತಿರಬೇಕು. ಕ್ರಿಮಿಯನ್ನು ಹುಡುಕುವುದೇ ಬೇಡ, ಕಿಣ್ವವನ್ನು ಹುಡುಕಿದರೆ ಸಾಕು. ಎಷ್ಟು ಸರಳ! ೧೯೪೯ರಲ್ಲಿ ಇದನ್ನು ಇನ್ನೂ ಸುಲಭ ಮಾಡಿದರು. ಬಣ್ಣವಿಲ್ಲದ ಒಂದು ಪದಾರ್ಥ ಇದೆ, ಅದಕ್ಕೆ ಫಾಸ್ಫೇಟು ಅಂಟಿಕೊಂಡಿರುತ್ತದೆ. ಅದನ್ನು ಹಾಲಿಗೆ ಬೆರೆಸಿ ಮೈಶಾಖದಷ್ಟು ಬೆಚ್ಚಗೆ ಎರಡು ಗಂಟೆ ಇಡುತ್ತಾರೆ. ಹಾಲಿನಲ್ಲಿ ಕಿಣ್ವ ಉಳಿದಿದ್ದರೆ ಫಾಸ್ಫೇಟನ್ನು ಕಿತ್ತುಹಾಕುತ್ತದೆ; ಕೂಡಲೆ ಆ ಪದಾರ್ಥ ಅರಿಸಿನದಂತೆ ಹಳದಿಯಾಗುತ್ತದೆ. ಹಳದಿ ಬಾರದಿದ್ದರೆ ಕಾಯಿಸಿದ್ದು ಸರಿಯಾಗಿದೆ. ನೂರು ಲೀಟರು ಕಾಯಿಸಿದ ಹಾಲಿಗೆ ಅರ್ಧ ಲೀಟರು ಹಸಿ ಹಾಲು ಬೆರೆತರೂ ಗುಟ್ಟು ಹೊರಬೀಳುತ್ತದೆ. ಪ್ಯಾಶ್ಚರೀಕರಿಸಿದ ಹಾಲಿನಲ್ಲಿ ಈ ಕಿಣ್ವ ಕಾಣಬಾರದೆಂದು ನಮ್ಮ ದೇಶದ ಆಹಾರ ಸುರಕ್ಷತೆಯ ನಿಯಮವೂ ಹೇಳುತ್ತದೆ. ನಮ್ಮ ಸಂಘದಲ್ಲಿ ಡಿಗ್ರಿ, ಫ್ಯಾಟ್ ನೋಡುತ್ತೇವೆ. ಅದು ಹಾಲಿನ ಬೆಲೆಗಾಗಿ. ಈ ಪರೀಕ್ಷೆ ಕುಡಿಯುವವರ ಪ್ರಾಣಕ್ಕಾಗಿ.

ಅದೇ ಹಳದಿ ಪದಾರ್ಥವನ್ನು ಹೊಲದ ಮಣ್ಣಿನ ಮೇಲೂ ಪ್ರಯೋಗಿಸುತ್ತಾರೆಂಬುದು ಒಂದು ಸ್ವಾರಸ್ಯ. ಎರೆಭೂಮಿಯಂಥ ಕ್ಷಾರದ ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಇದೇ ಜಾತಿಯ ಕಿಣ್ವವನ್ನು ಹೊರಹಾಕಿ, ಗೊಬ್ಬರ ಕಸಕಡ್ಡಿಗಳಲ್ಲಿ ಸಿಕ್ಕಿಕೊಂಡ ಫಾಸ್ಫೇಟನ್ನು ಬಿಡಿಸಿ ಬೇರಿಗೆ ಒದಗಿಸುತ್ತವೆ. ಅದರ ಮಾತು ಇನ್ನೊಂದು ದಿನಕ್ಕಿರಲಿ.

ಈಗ ಮನೆಯ ವಿಚಾರ. ಸಂಘಕ್ಕೆ ಹಾಕಿದ ಹಾಲನ್ನು ಡೈರಿಯವರು ಕಾಯಿಸುತ್ತಾರೆ. ಮನೆಗೆ ಉಳಿಸಿಕೊಂಡದ್ದನ್ನು ಕಾಯಿಸತಕ್ಕವರು ನಾವು. ‘ಹಸಿ ಹಾಲಿನಲ್ಲಿ ಸತ್ವ ಹೆಚ್ಚು, ಕಾಯಿಸಿದರೆ ಶಕ್ತಿ ಹೋಗುತ್ತದೆ’ ಎಂದು ಹೇಳುವವರು ಊರೂರಲ್ಲಿದ್ದಾರೆ. ಮೇಕೆಯ ಹಾಲನ್ನು ಕರೆದ ಬಿಸಿಯಲ್ಲಿಯೇ ಮಗುವಿಗೆ ಕುಡಿಸುವವರೂ ಇದ್ದಾರೆ. ಹಾಲನ್ನು ಕಾಯಿಸಿದರೆ ಈ ಕಿಣ್ವ ಕೆಡುವುದು ನಿಜವೇ. ಆದರೆ ಕುಡಿದ ಹಾಲಿನ ಕಿಣ್ವ ನೇರವಾಗಿ ಹೋಗಿ ಮಗುವಿನ ಮೂಳೆ ಸೇರುವುದಿಲ್ಲ. ಬೇಳೆಯ ಪ್ರೋಟೀನಿನಂತೆ ಅದೂ ಹೊಟ್ಟೆಯಲ್ಲಿ ಅರಗಿಹೋಗುತ್ತದೆ. ತನಗೆ ಬೇಕಾದ ಕಿಣ್ವವನ್ನು ಮಗುವಿನ ದೇಹ ತಾನೇ ತಯಾರಿಸಿಕೊಳ್ಳುತ್ತದೆ. ಹಾಲಿನ ಸುಣ್ಣದ ಅಂಶಕ್ಕಂತೂ ಕಾಯಿಸುವುದರಿಂದ ಲೆಕ್ಕಕ್ಕೆ ಬರುವಂಥ ನಷ್ಟವಿಲ್ಲ. ಇತ್ತ ಹಸಿ ಹಾಲಿನಲ್ಲಿ ಬ್ರುಸೆಲ್ಲಾ ಕ್ರಿಮಿ ಇರಬಹುದು. ಹಸು ಎಮ್ಮೆ ಮೇಕೆಗಳು ತಿಂಗಳು ತುಂಬುವ ಮೊದಲೇ ಕಂದು ಹಾಕುವುದಕ್ಕೆ ಇದೊಂದು ಕಾರಣ. ಅದು ಮನುಷ್ಯನಿಗೆ ತಗುಲಿದರೆ ಜ್ವರ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ರಾತ್ರಿ ಬೆವರು, ಸೊಂಟನೋವು, ಕೀಲುನೋವು. ವಾರಗಟ್ಟಲೆ ಔಷಧಿ ತೆಗೆದುಕೊಳ್ಳಬೇಕು. ಕಂದು ಹಾಕಿದ ದನದ ಕಸವನ್ನು ಬರಿಗೈಯಲ್ಲಿ ಮುಟ್ಟಬೇಡಿ. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಇದರ ಲಸಿಕೆ ಒಮ್ಮೆ ಹಾಕಿಸಿದರೆ ಆಯಿತು. ಪಶುವೈದ್ಯರು ಬಂದಾಗ ಕರುವನ್ನು ಅಟ್ಟದ ಹಿಂದೆ ಬಚ್ಚಿಡಬೇಡಿ. ನಗಬೇಡಿ, ಬಚ್ಚಿಡುವವರು ಇದ್ದಾರೆ.

ಹಾಲಿನಿಂದ ಮೂಳೆಗೆ ಬರೋಣ.

ಈ ಕಿಣ್ವ ದೇಹದಲ್ಲಿ ಏತಕ್ಕಿದೆ ಎಂಬುದಕ್ಕೆ ಮೊದಲ ಸುಳಿವು ಕೊಟ್ಟವನು ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿದ್ದ ರಾಬರ್ಟ್ ರಾಬಿಸನ್. ಅವನು ಮೂಳೆಯ ಪಂಡಿತನೇನೂ ಅಲ್ಲ. ಹಿಟ್ಟು ಹುಳಿಬರಿಸುವ ಯೀಸ್ಟು ಸಕ್ಕರೆಗೆ ಹೇಗೆ ಫಾಸ್ಫೇಟನ್ನು ಅಂಟಿಸುತ್ತದೆ ಎಂದು ನೋಡುತ್ತಿದ್ದವನು. ರಿಕೆಟ್ಸ್ ತಗುಲಿದ ಎಳೆಯ ಪ್ರಾಣಿಗಳ ಮೂಳೆಯನ್ನು ತೆಗೆದು, ಫಾಸ್ಫೇಟು ಅಂಟಿದ ಸಕ್ಕರೆಯೂ ಸುಣ್ಣದ ಅಂಶವೂ ಕರಗಿದ್ದ ನೀರಿನಲ್ಲಿ ಇಟ್ಟ. ಸುಣ್ಣ ತುಂಬಿಕೊಳ್ಳಲಾರದೆ ಮೆತ್ತಗೆ ಉಳಿದಿದ್ದ ಆ ಮೂಳೆಯ ತುದಿಯಲ್ಲಿ, ಎಲ್ಲಿ ಸುಣ್ಣ ಕೂರಬೇಕಾಗಿತ್ತೋ ಅಲ್ಲಿಯೇ ಅದು ಬಂದು ಕೂಡತೊಡಗಿತು. ಮೂಳೆಯಲ್ಲಿರುವ ಕಿಣ್ವ ಸಕ್ಕರೆಯಿಂದ ಫಾಸ್ಫೇಟನ್ನು ಬಿಡಿಸಿತು, ಫಾಸ್ಫೇಟು ಸುಣ್ಣವನ್ನು ಕೂಡಿಕೊಂಡಿತು ಎಂದು ಅವನು ೧೯೨೩ರಲ್ಲಿ ಬರೆದ.

ಮೂಳೆ ಬೆಳೆಯುವ ಬಗೆ ಮಣ್ಣಿನ ಗೋಡೆ ಕಟ್ಟಿದಂತೆ. ಮೊದಲು ತಡಿಕೆ, ಆಮೇಲೆ ಅದಕ್ಕೆ ಮೆತ್ತುವ ಮಣ್ಣು. ಪ್ರೋಟೀನಿನ ನಾರು ತಡಿಕೆ. ಸುಣ್ಣವೂ ಫಾಸ್ಫೇಟೂ ಸೇರಿದ ಗಟ್ಟಿ ಹರಳು ಅದರ ಮೆತ್ತಿಗೆ. ಆದರೆ ಇದರಲ್ಲಿ ಇನ್ನೊಂದು ಗುಟ್ಟಿದೆ, ಅದು ತಿಳಿದದ್ದು ೧೯೬೦ರ ದಶಕದಲ್ಲಿ. ನಮ್ಮ ರಕ್ತದಲ್ಲಿ ಸುಣ್ಣವೂ ಫಾಸ್ಫೇಟೂ ಯಾವಾಗಲೂ ಇರುತ್ತವೆ. ಹಾಗಿದ್ದರೆ ಕಂಡಕಂಡಲ್ಲೆಲ್ಲ ಮೈ ಕಲ್ಲಾಗಬೇಕಿತ್ತಲ್ಲ? ಆಗದಂತೆ ತಡೆಯುವ ಒಂದು ಪದಾರ್ಥ ನಮ್ಮಲ್ಲಿದೆ. ಎರಡು ಫಾಸ್ಫೇಟುಗಳು ಕೈ ಹಿಡಿದುಕೊಂಡ ಜೋಡಿ ಅದು. ಹೆಸರು ಪೈರೊಫಾಸ್ಫೇಟು. ಅದು ಇರುವ ಕಡೆ ಹರಳು ಬೆಳೆಯುವುದಿಲ್ಲ. ಮೂಳೆ ಕಟ್ಟುವ ಜೀವಕೋಶಗಳು ತಮ್ಮ ಹೊರಮೈಯಲ್ಲಿ ನಮ್ಮ ಕಿಣ್ವವನ್ನು ನೆಟ್ಟುಕೊಂಡು ಆ ಜೋಡಿಯನ್ನು ಒಡೆದುಹಾಕುತ್ತವೆ. ತಡೆಯೂ ಹೋಯಿತು, ಕಟ್ಟುವುದಕ್ಕೆ ಫಾಸ್ಫೇಟೂ ಸಿಕ್ಕಿತು. ನಾಲೆಯ ತೂಬು ಎತ್ತಿದ ಗದ್ದೆಗೆ ಮಾತ್ರ ನೀರು ನುಗ್ಗುವಂತೆ, ಕಿಣ್ವವಿರುವ ಕಡೆ ಮಾತ್ರ ಮೈ ಗಟ್ಟಿಯಾಗುತ್ತದೆ.

ಇದು ಊಹೆಯಲ್ಲ ಎಂಬುದಕ್ಕೆ ಒಂದು ದುಃಖದ ಸಾಕ್ಷ್ಯವಿದೆ. ಕೆನಡಾ ದೇಶದಲ್ಲಿ ರಾತ್‌ಬನ್ ಎಂಬ ವೈದ್ಯರು ೧೯೪೮ರಲ್ಲಿ ಒಂದು ಶಿಶುವಿನ ಸಂಗತಿ ಬರೆದರು. ಮೂಳೆ ಮೆತ್ತಗಾಗಿ ರಿಕೆಟ್ಸಿನಂತೆ ಕಾಣುತ್ತಿತ್ತು, ಮಗುವಿಗೆ ಸೆಳವು ಬರುತ್ತಿತ್ತು. ಕೊನೆಗೆ ಮಗು ಉಳಿಯಲಿಲ್ಲ. ರಿಕೆಟ್ಸಿನಲ್ಲಿ ಏರಬೇಕಾದ ಈ ಕಿಣ್ವ ಆ ಮಗುವಿನಲ್ಲಿ ತೀರ ಕಡಿಮೆಯಿತ್ತು. ಹುಟ್ಟಿನಿಂದಲೇ ಕಿಣ್ವದ ಕೊರತೆ. ಸೆಳವು ಏಕೆ ಬಂತು? ಬಿ-೬ ಎಂಬ ಜೀವಸತ್ವ ರಕ್ತದಲ್ಲಿ ಫಾಸ್ಫೇಟನ್ನು ಹೊತ್ತುಕೊಂಡೇ ಓಡಾಡುತ್ತದೆ. ಆ ಹೊರೆ ಇಳಿಸದೆ ಜೀವಕೋಶದ ಬಾಗಿಲು ದಾಟಲಾರದು. ಹೊರೆ ಇಳಿಸುವವನೇ ಇಲ್ಲದಾಗ ಮಿದುಳಿಗೆ ಅದು ಸಿಕ್ಕುವುದಿಲ್ಲ. ಒಂದೇ ಕಿಣ್ವ ಮೂಳೆಗೂ ಮಿದುಳಿಗೂ ಹೇಗೆ ಬೇಕು ನೋಡಿ. ಕಿಣ್ವವನ್ನೇ ತಯಾರಿಸಿ ಚುಚ್ಚುಮದ್ದಾಗಿ ಕೊಡುವ ಚಿಕಿತ್ಸೆಗೆ ಹಲವು ದೇಶಗಳು ೨೦೧೫ರಲ್ಲಿ ಒಪ್ಪಿಗೆ ಕೊಟ್ಟವು. ಅದರ ಬೆಲೆ ಮಾತ್ರ ಬಡವರ ಕೈಗೆ ಎಟುಕುವಂಥದ್ದಲ್ಲ. ಈ ರೋಗ ಬಹಳ ಅಪರೂಪ. ಆದರೂ ಒಂದು ಗುರುತನ್ನು ತಾಯಂದಿರು ನೆನಪಿಡಬೇಕು. ಐದು ವರ್ಷ ತುಂಬುವ ಮೊದಲೇ ಮಗುವಿನ ಹಾಲುಹಲ್ಲು, ಪೆಟ್ಟೇನೂ ಬೀಳದೆ, ಬೇರುಸಮೇತ ಉದುರಿದರೆ ಅದನ್ನು ಹಂಚಿನ ಮೇಲೆ ಎಸೆದು ಸುಮ್ಮನಾಗಬೇಡಿ. ಹಲ್ಲನ್ನು ಕಾಗದದಲ್ಲಿ ಕಟ್ಟಿಕೊಂಡು ವೈದ್ಯರಲ್ಲಿಗೆ ಹೋಗಿ.

ಇನ್ನು ಚೀಟಿಯ ಅಂಕಿ. ಜೀವಕೋಶಗಳ ಹೊರಮೈಯಿಂದ ಕಳಚಿ ರಕ್ತಕ್ಕೆ ಬಿದ್ದ ಕಿಣ್ವವನ್ನು ಆ ಪರೀಕ್ಷೆ ಅಳೆಯುತ್ತದೆ. ಪರೀಕ್ಷೆಯ ರೀತಿ ಅದೇ ಹಳದಿ ಬಣ್ಣದ್ದು. ದೊಡ್ಡವರಿಗೆ ಲೀಟರಿಗೆ ಸುಮಾರು ೪೦ರಿಂದ ೧೩೦ ಯೂನಿಟ್ ಸಾಮಾನ್ಯ. ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ಒಂದಿಷ್ಟು ವ್ಯತ್ಯಾಸವಿರುತ್ತದೆ. ದೊಡ್ಡವರಲ್ಲಿ ಅರ್ಧದಷ್ಟು ಮೂಳೆಯಿಂದ, ಅರ್ಧದಷ್ಟು ಈಲಿಯಿಂದ ಬಂದದ್ದೆಂದು ಇಟ್ಟುಕೊಳ್ಳಿ. ಆದರೆ ಬೆಳೆಯುವ ಮಕ್ಕಳಲ್ಲಿ ಮೂಳೆ ಕಟ್ಟುವ ಕೆಲಸ ಹಗಲಿರುಳು ನಡೆಯುತ್ತಿರುತ್ತದೆ. ಅವರಲ್ಲಿ ಈ ಅಂಕಿ ದೊಡ್ಡವರ ಎರಡು ಪಟ್ಟು, ಮೂರು ಪಟ್ಟು ಇದ್ದರೂ ಆರೋಗ್ಯವೇ. ಎತ್ತರ ಧಿಗ್ಗನೆ ಏರುವ ಹನ್ನೆರಡು ಹದಿಮೂರರ ಆಸುಪಾಸಿನಲ್ಲಿ ಇನ್ನೂ ಹೆಚ್ಚು.

ನಾನು ಬಹಳ ಕಾಲ ಪ್ರಯೋಗಶಾಲೆಯಲ್ಲಿ ರಕ್ತ ನೋಡಿದವನು. ಒಮ್ಮೆ ಒಬ್ಬ ತಂದೆ ತನ್ನ ಹನ್ನೆರಡು ವರ್ಷದ ಹುಡುಗನನ್ನು ಕರೆದುಕೊಂಡು ಬಂದ. ಕೈಯಲ್ಲಿ ಪೇಟೆಯ ಯಾವುದೋ ಕಡೆ ಮಾಡಿಸಿದ ಚೀಟಿ. ಎ.ಎಲ್.ಪಿ. ೩೪೦, ಪಕ್ಕದಲ್ಲಿ ಒಂದು ನಕ್ಷತ್ರದ ಗುರುತು. ಆ ಯಂತ್ರಕ್ಕೆ ದೊಡ್ಡವರ ಅಳತೆ ಮಾತ್ರ ಗೊತ್ತು. ಹುಡುಗನ ವಯಸ್ಸು ಗೊತ್ತಿಲ್ಲ. ಚೀಟಿ ನೋಡಿದ ಯಾರೋ ‘ಈಲಿ ಕೆಟ್ಟಿದೆ’ ಎಂದರಂತೆ. ಮೂರು ತಿಂಗಳಿಂದ ಹುಡುಗನಿಗೆ ಹಾಲಿಲ್ಲ, ತುಪ್ಪವಿಲ್ಲ, ಮೊಟ್ಟೆಯಿಲ್ಲ, ಕಡಲೆಕಾಯಿಯಿಲ್ಲ. ಎರಡು ಕುರಿ ಮಾರಿ ಈಲಿಯ ಟಾನಿಕ್ಕು ಕೊಂಡಿದ್ದರು. ಹುಡುಗನ ಈಲಿಯ ಉಳಿದ ಅಂಕಿಗಳೆಲ್ಲ ಸರಿಯಾಗಿದ್ದವು. ಹುಡುಗ ಬೆಳೆಯುತ್ತಿದ್ದ, ಅಷ್ಟೆ. ಬೆಳೆಯುವುದಕ್ಕೆ ಬೇಕಾದ್ದನ್ನೇ ಕಿತ್ತುಕೊಂಡಿದ್ದರು. ಕುರಿ ಹೋದರೆ ಹೋಯಿತು, ಮರಿ ಹಾಕುತ್ತವೆ. ಎಲುಬು ಬೆಳೆಯುವ ವಯಸ್ಸಿನ ಮೂರು ತಿಂಗಳು ಮತ್ತೆ ಬರುವುದಿಲ್ಲ ಎಂದು ಆ ತಂದೆಗೆ ಹೇಳಿದೆ. ಅವತ್ತೇ ಸಂತೆಯಲ್ಲಿ ಮೊಟ್ಟೆ ಕಟ್ಟಿಸಿಕೊಂಡು ಹೋದ.

ಬಸುರಿಯರ ಮಾತೂ ಹೀಗೆಯೇ. ಕೊನೆಯ ಮೂರು ತಿಂಗಳಲ್ಲಿ ಮಾಸು ತನ್ನದೇ ಒಂದು ಬಗೆಯ ಕಿಣ್ವವನ್ನು ತಾಯಿಯ ರಕ್ತಕ್ಕೆ ಬಿಡುತ್ತದೆ. ಅಂಕಿ ಏರುತ್ತದೆ, ಹೆರಿಗೆಯಾದ ಮೇಲೆ ಇಳಿಯುತ್ತದೆ. ಮಾಸಿನ ಈ ಕಿಣ್ವ ಶಾಖಕ್ಕೆ ಜಗ್ಗದ ಗಟ್ಟಿ ಜಾತಿಯದು. ಹಾಲಿನದು ಕೆಡುವಷ್ಟು ಬಿಸಿಯಲ್ಲಿ, ೬೫ ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟರೂ ಉಳಿದುಕೊಳ್ಳುತ್ತದೆ. ಮೂಳೆಯದು ಬಹು ಮೃದು. ಅಂಕಿ ಎಲ್ಲಿಂದ ಬಂತೆಂದು ತಿಳಿಯಲು ಹಿಂದೆಲ್ಲ ರಕ್ತದ ತಿಳಿಯನ್ನು ೫೬ ಡಿಗ್ರಿಗೆ ಕಾಯಿಸಿ, ಎಷ್ಟು ಉಳಿಯಿತೆಂದು ನೋಡುತ್ತಿದ್ದರು. ಈಚೆಗೆ ಜಿ.ಜಿ.ಟಿ. ಎಂಬ ಇನ್ನೊಂದು ಪರೀಕ್ಷೆಯನ್ನು ಜೊತೆಗೆ ಮಾಡಿಸುತ್ತಾರೆ. ಎರಡೂ ಏರಿದ್ದರೆ ಈಲಿಯ ಕಡೆ ನೋಡಬೇಕು, ಎ.ಎಲ್.ಪಿ. ಒಂದೇ ಏರಿದ್ದರೆ ಮೂಳೆಯ ಕಡೆ.

ನಿಜವಾಗಿ ಈಲಿಯ ಕಡೆಯಿಂದ ಏರುವುದು ಯಾವಾಗ? ಈಲಿಯಲ್ಲಿ ತಯಾರಾದ ಪಿತ್ತರಸ ಕರುಳಿಗೆ ಇಳಿಯುವ ನಾಳ ಕಟ್ಟಿಕೊಂಡಾಗ. ಕಲ್ಲು ಸಿಕ್ಕಿಕೊಂಡಿರಬಹುದು, ಜಂತುಹುಳು ನುಸುಳಿರಬಹುದು, ಗಡ್ಡೆ ಬೆಳೆದಿರಬಹುದು. ಒಡ್ಡು ಕಟ್ಟಿದ ಹಳ್ಳದಂತೆ ಪಿತ್ತ ಹಿಂದಕ್ಕೆ ನಿಲ್ಲುತ್ತದೆ. ನಾಳದ ಅಂಚಿನ ಜೀವಕೋಶಗಳು ಕಿಣ್ವವನ್ನು ಹೆಚ್ಚು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ಕಣ್ಣು ಹಳದಿ, ಮೂತ್ರ ಕಾಫಿಯ ಬಣ್ಣ, ಮಲ ಸುಣ್ಣದಂತೆ ಬಿಳಿಚು, ಮೈಯೆಲ್ಲ ತುರಿಕೆ. ಇಂಥ ಕಾಮಾಲೆಗೆ ಬೇರಿನ ರಸ ಮೂಗಿಗೆ ಬಿಡಿಸುತ್ತಾ, ಬರೆ ಎಳೆಸುತ್ತಾ ದಿನ ಕಳೆಯಬಾರದು. ಕಾಮಾಲೆ ನಾಟಿ ಮದ್ದಿಗೆ ವಾಸಿಯಾದದ್ದನ್ನು ಕಣ್ಣಾರೆ ಕಂಡಿದ್ದೇವೆ ಎನ್ನುತ್ತೀರಿ, ನಾನು ಇಲ್ಲವೆನ್ನುವುದಿಲ್ಲ. ಕೆಟ್ಟ ನೀರಿನಿಂದ ಬರುವ ಕಾಮಾಲೆ ಬಹುಮಟ್ಟಿಗೆ ತಾನಾಗಿಯೇ ಇಳಿಯುವಂಥದ್ದು, ಕೀರ್ತಿ ಮದ್ದು ಕೊಟ್ಟವನಿಗೆ. ಕಟ್ಟಿದ ನಾಳ ಹಾಗೆ ತಾನಾಗಿ ಬಿಡುವುದನ್ನು ನಂಬಿ ಕೂರಲಾಗದು. ಎರಡು ಕಾಮಾಲೆಗಳನ್ನು ಬೇರೆ ಮಾಡಿ ತೋರಿಸುವುದರಲ್ಲಿ ಈ ಅಂಕಿ ವೈದ್ಯರಿಗೆ ಕೈದೀವಿಗೆ.

ಮೂಳೆಯ ಕಡೆಯಿಂದ ಏರುವುದು, ಕಟ್ಟುವ ಕೆಲಸಗಾರರು ಬಂದು ನಿಂತೂ ಸಾಮಾನು ಬಾರದಿದ್ದಾಗ. ಬಿಸಿಲಿನ ಡಿ ಜೀವಸತ್ವವೂ ಊಟದ ಸುಣ್ಣದ ಅಂಶವೂ ಸಾಲದ ಮಕ್ಕಳಿಗೆ ರಿಕೆಟ್ಸ್. ಕಾಲು ಬಿಲ್ಲಿನಂತೆ ಬಾಗುತ್ತದೆ, ಮಣಿಕಟ್ಟು ದಪ್ಪವಾಗುತ್ತದೆ. ದೊಡ್ಡವರಲ್ಲಿ, ಅದರಲ್ಲಿಯೂ ಮೇಲಿಂದ ಮೇಲೆ ಹೆತ್ತು ಮೊಲೆಯೂಡಿಸಿದ ಹೆಂಗಸರಲ್ಲಿ, ತೊಡೆ ಸೊಂಟ ನೋವು, ಬಾತುಕೋಳಿಯಂತೆ ನಡಿಗೆ. ‘ವಯಸ್ಸಾಯಿತು, ವಾಯು’ ಎಂದು ಎಣ್ಣೆ ತಿಕ್ಕಿಕೊಂಡು ಸುಮ್ಮನಿರುತ್ತಾರೆ. ಇಂಥವರಲ್ಲಿ ಎ.ಎಲ್.ಪಿ. ಏರಿದ್ದರೆ ಅದು ಮೂಳೆಯ ಕೂಗು. ಔಷಧಿಗೆ ಬಗ್ಗುವ ರೋಗವಿದು. ನಮ್ಮ ರಾಗಿಯಲ್ಲಿ ನೂರು ಗ್ರಾಮಿಗೆ ಸುಮಾರು ೩೫೦ ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಅದರ ಹತ್ತರಲ್ಲೊಂದು ಪಾಲೂ ಇಲ್ಲ. ಕಾಳಿನಲ್ಲಿ ಫಾಸ್ಫೇಟು ತುಂಬಿದ ಒಂದು ಪದಾರ್ಥ ಆ ಸುಣ್ಣವನ್ನು ಬಿಗಿಹಿಡಿದಿರುತ್ತದೆ. ರಾಗಿಯನ್ನು ನೆನೆಸಿ ಮೊಳಕೆ ಬರಿಸಿದರೆ ಕಾಳಿನೊಳಗೆ ನಮ್ಮ ಕಿಣ್ವದ ದಾಯಾದಿಯೊಂದು ಎಚ್ಚತ್ತು ಆ ಹಿಡಿತವನ್ನು ಸಡಿಲಿಸುತ್ತದೆ. ಕೂಸಿಗೆ ಮೊಳಕೆ ರಾಗಿಯ ಸರಿ ಮಾಡಿ ಉಣಿಸಿದ ಅಜ್ಜಿಯರಿಗೆ ಕಿಣ್ವದ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆಯ ಊರುಗಳಂತೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಹೆಚ್ಚಿರುವಲ್ಲಿ ಇನ್ನೊಂದು ಕಾರಣವುಂಟು. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದಾಗುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆನ್ನು ಕೀಲುಗಳು ಮರಗಟ್ಟುತ್ತವೆ, ಮೂಳೆ ಅಡ್ಡಾದಿಡ್ಡಿ ಬೆಳೆಯುತ್ತದೆ, ಆಗಲೂ ಈ ಅಂಕಿ ಏರಬಹುದು. ಹಾಲನ್ನು ಕಾಯಿಸಿ ಎಂದೆನಲ್ಲ, ಈ ನೀರಿಗೆ ಅದು ನಡೆಯದು. ಕುದಿಸಿದಷ್ಟೂ ನೀರು ಆರಿ ಫ್ಲೋರೈಡು ಗಟ್ಟಿಯಾಗುತ್ತದೆ. ಮಳೆನೀರು ಹಿಡಿಯಬೇಕು, ಇಲ್ಲವೆ ಶುದ್ಧೀಕರಿಸಿದ ನೀರು ತರಬೇಕು.

ಕರುಳಿನಲ್ಲಿರುವ ಕಿಣ್ವದ ವಿಷಯ ಎರಡೇ ಮಾತು. ಹೊಟ್ಟೆಯ ಕ್ರಿಮಿಗಳ ಮೈಯಿಂದ ಬರುವ ಒಂದು ವಿಷಕ್ಕೂ ಫಾಸ್ಫೇಟು ಅಂಟಿರುತ್ತದೆ. ಅದನ್ನು ಕಿತ್ತು ವಿಷದ ಹಲ್ಲು ಮುರಿಯುವುದು ಅದರ ಒಂದು ಕೆಲಸ. ಎಣ್ಣೆ ಜಿಡ್ಡಿನ ಊಟ ಮಾಡಿದ ಮೇಲೆ ಈ ಕಿಣ್ವ ಒಂದಿಷ್ಟು ರಕ್ತಕ್ಕೂ ಸೇರುತ್ತದೆ, ಅದರಲ್ಲಿಯೂ ಓ ಮತ್ತು ಬಿ ಗುಂಪಿನ ರಕ್ತದವರಲ್ಲಿ. ಆದ್ದರಿಂದ ಹಬ್ಬದ ಊಟ ಹೊಡೆದು ರಕ್ತ ಕೊಡಲು ಹೋಗಬೇಡಿ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಹೋಗಿ. ಹೋದಾಗ ಮಗುವಿನ ವಯಸ್ಸು, ಬಸುರಿಯಾದರೆ ಎಷ್ಟನೆಯ ತಿಂಗಳು, ಕುಡಿಯುವ ನೀರು ಯಾವ ಬಾವಿಯದು, ಮೂರ್ಛೆರೋಗದ ಮಾತ್ರೆಯೇನಾದರೂ ನುಂಗುತ್ತಿದ್ದೀರಾ ಎಂಬುದನ್ನು ಕೇಳದಿದ್ದರೂ ಹೇಳಿ. ಆ ಮಾತ್ರೆಗಳಲ್ಲಿ ಕೆಲವು ಈ ಅಂಕಿಯನ್ನು ಏರಿಸುತ್ತವೆ. ಹಾಗೆಂದು ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.

(ಭಾಷಣವಾದ ಮೇಲೆ ಹಿರಿಯರಾದ ಒಬ್ಬ ತಾಯಿ ಎದ್ದು, ‘ಹಸಿ ಹಾಲಿಗೇ ಹೆಪ್ಪು ಹಾಕಿ ಕಡೆದರೆ ಬೆಣ್ಣೆ ಜಾಸ್ತಿ ಬರ್ತದೆ ಅಂತ ನಮ್ಮತ್ತೆ ಹೇಳ್ತಿದ್ರು. ಹುಳಿಯಲ್ಲಿ ಕ್ರಿಮಿ ಸಾಯಲ್ವ ಸ್ವಾಮಿ?’ ಎಂದು ಕೇಳಿದರು. ಅದಕ್ಕೆ ಕೊಟ್ಟ ಉತ್ತರ:)

ಹುಳಿಗೆ ಕ್ರಿಮಿಗಳು ಕೆಲಮಟ್ಟಿಗೆ ಕುಗ್ಗುತ್ತವೆ ತಾಯಿ, ಆದರೆ ಎಲ್ಲವೂ ಸತ್ತವು ಎನ್ನುವ ಹಾಗಿಲ್ಲ. ಬ್ರುಸೆಲ್ಲಾ ಕ್ರಿಮಿ ಹಸಿ ಹಾಲಿನ ಬೆಣ್ಣೆಯಲ್ಲಿಯೂ ಬದುಕಿರಬಲ್ಲದು. ಬೆಣ್ಣೆಯನ್ನು ಕಾಸಿ ತುಪ್ಪ ಮಾಡಿದರೆ ಆ ಶಾಖಕ್ಕೆ ಸಾಯುತ್ತದೆ, ತುಪ್ಪದ ಚಿಂತೆಯಿಲ್ಲ. ಆದರೆ ಅದೇ ಕಡೆದ ಮಜ್ಜಿಗೆಯನ್ನು ನೀವು ಕಾಸುವುದಿಲ್ಲವಲ್ಲ, ಮೊಮ್ಮಕ್ಕಳು ಹಾಗೆಯೇ ಕುಡಿಯುತ್ತಾರೆ. ಹಾಲು ಉಕ್ಕಿ ಬರುವವರೆಗೆ ಕಾಯಿಸಿ, ಉಗುರುಬೆಚ್ಚಗೆ ಆರಿಸಿ, ಆಮೇಲೆ ಹೆಪ್ಪು ಹಾಕಿ. ಬೆಣ್ಣೆ ಒಂದು ನಿಂಬೆಗಾತ್ರ ಕಡಿಮೆಯಾದರೆ ಆಗಲಿ.